ಬ್ರೇಕ್ ಮೇಷ್ಟ್ರು

ನಿಶಿಯಾ ಇಸಾವೊ ಜಪಾನಿನ ಕುರೋಬೆ ಊರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಅರ್ಧ ಆಯುಷ್ಯ ಕಳೆದವನು. ಮಾತು ಕಡಿಮೆ. ಸುಮ್ಮನಿದ್ದರೂ ಯಾರನ್ನೋ ಗದರಿಸಲು ಹೊರಟವನಂತೆ ಕಾಣುವ ಮುಖ. ಹೆಂಡತಿ ಹರುಯೊ ಕಾರು ಓಡಿಸುವಾಗ ಪಕ್ಕದಲ್ಲಿ ಕೂತರೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿದ್ದ. ಮನೆಯಲ್ಲಿ ಟಿವಿ ನೋಡುವಾಗಲೂ ಅಷ್ಟೇ, ತೆರೆಯ ಮೇಲೆ ಕಾರು ಜೋರಾಗಿ ಓಡಿದರೆ ಅವನ ಬಲಗಾಲು ತಾನಾಗಿ ಚಾಪೆಯನ್ನು ಅದುಮುತ್ತಿತ್ತು.

ಒಬ್ಬಳೇ ಮಗಳು ಮಿನೋರಿ. ಬೆಳಗ್ಗೆ ಬೇಕರಿಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಮಾಂಗಾ ಎಂಬ ಚಿತ್ರಕತೆಗಳನ್ನು ಬರೆಯುವುದು. ಚಿಕ್ಕಂದಿನಿಂದ ಅವಳ ಕೋಣೆಯ ತುಂಬ ಮಾಂಗಾ ಪುಸ್ತಕಗಳೇ. ಇಸಾವೊ ಅವನ್ನು ಬೇಡವೆಂದವನಲ್ಲ, ಒಂದನ್ನಾದರೂ ತೆರೆದು ನೋಡಿದವನೂ ಅಲ್ಲ. ಕೋಣೆ ಗುಡಿಸುವಾಗ ರಾಶಿಯನ್ನು ಎತ್ತಿ ಪಕ್ಕಕ್ಕಿಟ್ಟು, ಮತ್ತೆ ಸಂಪುಟದ ಕ್ರಮ ತಪ್ಪದಂತೆ ಜೋಡಿಸಿಡುತ್ತಿದ್ದ.

ಶನಿವಾರ ಶನಿವಾರ ಮಿನೋರಿ ಊರಿನ ಸಭಾಭವನದಲ್ಲಿ ನಡೆಯುವ ಮಾಂಗಾ ತರಗತಿಗೆ ಹೋಗುತ್ತಿದ್ದಳು. ಕಲಿಸುವಾಕೆ ತೊಕುನಾಗಾ. ಟೋಕಿಯೊದಲ್ಲಿ ದೊಡ್ಡ ಕಲಾವಿದರ ಕೈಕೆಳಗೆ ವರ್ಷಗಟ್ಟಲೆ ಕಟ್ಟಡ, ಮರ, ಮಳೆಗೆರೆಗಳನ್ನಷ್ಟೇ ಬರೆದು, ಬೆನ್ನುನೋವು ತಂದುಕೊಂಡು ಊರಿಗೆ ಮರಳಿದವಳು. ಮಿನೋರಿಯ ಹಾಳೆಯನ್ನು ಕೈಗೆತ್ತಿಕೊಂಡು ಒಂದು ಸಲ ಕೇಳಿದಳು, "ಈ ಹುಡುಗಿ ಯಾರು? ನಿಂಗೆ ಗೊತ್ತಿರೋಳಾ?"

"ಇಲ್ಲ ಮೇಡಂ, ಕಲ್ಪನೆ."

"ಅದಕ್ಕೇ ಇವಳಿಗೆ ಇಷ್ಟಗಲ ಕಣ್ಣಿದೆ, ಮೊಣಕೈನೇ ಇಲ್ಲ. ಬೇರೆಯವರ ಪುಸ್ತಕ ನೋಡಿ ಕಲಿತ ಮುಖ ಇದು. ಮನೇಲಿ ಯಾರಿದಾರೆ? ಅವರನ್ನ ನೋಡು. ನೋಡಿ ಬೇಜಾರು ಬರೋವಷ್ಟು ನೋಡು, ಆಮೇಲೆ ಬರಿ."

ಮಿನೋರಿ ನೋಡತೊಡಗಿದಳು. ಊಟಕ್ಕೆ ಕೂತಾಗ, ಚಪ್ಪಲಿ ಕಳಚುವಾಗ, ಪೇಪರು ಮಡಚುವಾಗ ಅಪ್ಪನನ್ನೇ ನೋಡಿದಳು. ಸಂಜೆ ಕಾರನ್ನು ನಿಲ್ಲಿಸಿ ಬಾಗಿಲು ಹಾಕಿದ ಮೇಲೆ ಅವನು ಅದಕ್ಕೆ ಸಣ್ಣಗೆ ತಲೆ ಬಾಗಿಸಿ ಬರುವುದು ಅವಳಿಗೆ ಮೊದಲ ಬಾರಿ ಕಂಡಿತು. ಇನ್ನೊಂದೂ ಕಂಡಿತು. ಆ ವಸಂತದಲ್ಲಿ ಸ್ಕೂಲಿನವರು ಕಲಿಯುವವರ ಅಭಿಪ್ರಾಯ ಕೇಳಿದಾಗ ಕೆಲವರು 'ನಿಶಿಯಾ ಮೇಷ್ಟ್ರನ್ನು ಕಂಡರೆ ಭಯ' ಎಂದು ಬರೆದಿದ್ದರಂತೆ. ಸ್ವಲ್ಪ ನಗುಮುಖ ಇಟ್ಟುಕೊಳ್ಳಿ ಎಂದು ಮ್ಯಾನೇಜರು ಹೇಳಿದ್ದ. ಅಂದಿನಿಂದ ಇಸಾವೊ ಬೆಳಗ್ಗೆ ಮುಖ ತೊಳೆಯುವ ಕೋಣೆಗೆ ಹೋಗಿ ಕನ್ನಡಿಯೆದುರು ನಗುವುದನ್ನು ಅಭ್ಯಾಸ ಮಾಡುತ್ತಿದ್ದ. ಆ ಕೋಣೆಯ ಸರಿಸುವ ಬಾಗಿಲು ಉಬ್ಬಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಿಂದ ಮಿನೋರಿ ಕಂಡಳು: ಅಪ್ಪ ಎರಡು ಬೆರಳಿನಿಂದ ತುಟಿಯ ಅಂಚುಗಳನ್ನು ಮೇಲೆತ್ತಿ ಹಿಡಿದು, "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ" ಎಂದು ಕನ್ನಡಿಗೆ ಹೇಳುತ್ತಿದ್ದ. ಹೇಳಿದ್ದು ಸರಿಬರಲಿಲ್ಲವೆಂದು ಮತ್ತೆ ಹೇಳುತ್ತಿದ್ದ.

ಆ ವಾರ ಅವಳ ಪೆನ್ನು ಓಡಿತು. ಹಿಂದೆಂದೂ ಕೈ ಹೀಗೆ ಮಾತು ಕೇಳಿರಲಿಲ್ಲ. ದಪ್ಪ ಹುಬ್ಬಿನ, ಚೌಕ ದವಡೆಯ, ಕಿವಿ ಮುಚ್ಚುವ ಟೋಪಿಯ ಒಬ್ಬ ಡ್ರೈವಿಂಗ್ ಮೇಷ್ಟ್ರು. ಎಲ್ಲಿ ಕೂತರೂ ಬ್ರೇಕ್ ಒತ್ತುತ್ತಾನೆ, ಮದುವೆ ಮನೆಯಲ್ಲಿ ಒತ್ತುತ್ತಾನೆ, ನಿದ್ದೆಯಲ್ಲಿ ಒತ್ತುತ್ತಾನೆ, ಕಾರಿಗೆ ತಲೆ ಬಾಗಿಸುತ್ತಾನೆ. ಕೊನೆಯಲ್ಲಿ ಕನ್ನಡಿಯ ಮುಂದೆ ನಿಂತು, ಬೆರಳಿನಿಂದ ತುಟಿ ಎಳೆದು ನಗುತ್ತಾನೆ. ಆ ನಗು ನೋಡಿ ತಾನೇ ಬೆಚ್ಚಿಬಿದ್ದು, ಬಚ್ಚಲಿನ ನೆಲದ ಮೇಲೆ ಬ್ರೇಕ್ ಒತ್ತುತ್ತಾನೆ. ಕತೆಗೆ 'ಬ್ರೇಕ್ ಮೇಷ್ಟ್ರು' ಎಂದೇ ಹೆಸರಿಟ್ಟಳು.

ತರಗತಿಯಲ್ಲಿ ಹಾಳೆಗಳು ಕೈಯಿಂದ ಕೈಗೆ ಹೋದವು. ಕೊನೆಯ ಪುಟಕ್ಕೆ ಬಂದವರು ಕೂತಲ್ಲೇ ಬಿದ್ದು ಬಿದ್ದು ನಕ್ಕರು. ತೊಕುನಾಗಾ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಈತನಿಗೆ ಮೊಣಕೈ ಇದೆ. ಯಾರಮ್ಮಾ ಈತ?"

"ಯಾರೂ ಇಲ್ಲ ಮೇಡಂ, ಕಲ್ಪನೆ," ಎಂದಳು ಮಿನೋರಿ. ಕಿವಿ ಬಿಸಿಯಾಯಿತು. ಆದರೆ ಆ ನಗು ಅದಕ್ಕಿಂತ ಬಿಸಿಯಾಗಿತ್ತು, ಹಿತವಾಗಿತ್ತು.

ಹೋತಾರು ಎಂಬ ಹೆಸರಿಟ್ಟುಕೊಂಡು ಅದನ್ನು ಟೋಕಿಯೊದ ಒಂದು ಮಾಸಪತ್ರಿಕೆಗೆ ಕಳಿಸಿದಳು. ಹೊಸಬರ ಪುಟಗಳಲ್ಲಿ ಅಚ್ಚಾಯಿತು. ಮೊದಲು ಓದಿದ್ದು ಅಮ್ಮ. ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುವ ಹರುಯೊ ಊಟದ ಬಿಡುವಿನಲ್ಲಿ ಓದಿ, ಸಂಜೆ ಪತ್ರಿಕೆಯನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

"ನಕ್ಕೆ ಕಣೇ. ಸುಳ್ಳು ಯಾಕೆ ಹೇಳ್ಲಿ, ಅನ್ನ ನೆತ್ತಿಗೆ ಹತ್ತೋವಷ್ಟು ನಕ್ಕೆ. ಆದ್ರೆ ಆ ಕನ್ನಡಿ ಪುಟ ಬಂತಲ್ಲ, ಅಲ್ಲಿ ನಿಂತೋಯ್ತು. ಅದನ್ನ ಯಾಕೆ ಹಾಕ್ದೆ?"

"ಎಲ್ಲರಿಗೂ ಇಷ್ಟ ಆಗಿದ್ದೇ ಅದು."

"ಅವರೆಲ್ಲರೂ ನಮ್ಮ ಬಚ್ಚಲುಮನೆಗೆ ಬಂದೋರಲ್ಲ." ಹರುಯೊ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. "ಬೇರೆ ಯಾರಾದ್ರೂ ತೋರ್ಸೋಕೆ ಮುಂಚೆ ನೀನೇ ಅಪ್ಪನಿಗೆ ತೋರ್ಸು. ನಾನು ಬಾಯಿ ಬಿಡಲ್ಲ."

"ತೋರಿಸ್ತೀನಮ್ಮ."

ತೋರಿಸಲಿಲ್ಲ. ಇವತ್ತು ಅಪ್ಪನಿಗೆ ಸುಸ್ತು, ನಾಳೆ ನೆಂಟರು ಬರುತ್ತಾರೆ, ಆಮೇಲೆ ಹಿಮ ಬೀಳಲು ಶುರುವಾಯಿತು. ಹೇಗೂ ಅಪ್ಪ ಮಾಂಗಾ ಮುಟ್ಟುವವನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ಭಾನುವಾರ ಮಧ್ಯಾಹ್ನ ಹರುಯೊ ಕೆಲಸಕ್ಕೆ ಹೋಗಿದ್ದಾಗ, ಇಸಾವೊ ಕಾಗದದ ಚೀಲದಿಂದ ಅದೇ ಪತ್ರಿಕೆಯನ್ನು ಹೊರತೆಗೆದ. ಅಪ್ಪ ಮಗಳು ಇಬ್ಬರೂ ಬೆಚ್ಚನೆಯ ಕೊತಾತ್ಸು ಮೇಜಿನ ಕೆಳಗೆ ಕಾಲು ತೂರಿಸಿ ಕೂತಿದ್ದರು. ಮಿನೋರಿಯ ಕೈಯಲ್ಲಿದ್ದ ಕಿತ್ತಳೆಯ ತೊಳೆ ಅಲ್ಲೇ ನಿಂತಿತು.

"ಶಿಹೊ ಅಂತ ಒಂದು ಹುಡುಗಿ ಕಲಿಯೋಕೆ ಬರ್ತಾಳೆ, ಅವಳು ಕೊಟ್ಟಳು. ಡ್ರೈವಿಂಗ್ ಸ್ಕೂಲ್ ಕತೆಯಂತೆ. ಮೇಷ್ಟ್ರೇ ನೀವು ಓದಲೇಬೇಕು ಅಂತ ಒಂದೇ ಹಟ. ಈಚೆಗೆ ಅವರೆಲ್ಲ ನನ್ನ ಬ್ರೇಕ್ ಮೇಷ್ಟ್ರೇ ಅಂತಾರೆ, ಯಾಕೋ ಗೊತ್ತಿಲ್ಲ."

ಕನ್ನಡಕ ಹಾಕಿಕೊಂಡು ಓದತೊಡಗಿದ. ಮಿನೋರಿಗೆ ಎದ್ದು ಹೋಗಬೇಕೆನಿಸಿತು, ಆದರೂ ಕೂತೇ ಇದ್ದಳು. ಅವನು ಪುಟಗಳನ್ನು ಬೇಗ ಬೇಗ ತಿರುವಿ, ಅವಳು ಇನ್ನೂ ಉಸಿರು ಬಿಗಿಹಿಡಿದಿರುವಾಗಲೇ ಪತ್ರಿಕೆ ಮುಚ್ಚಿದ.

"ಮುಗೀತು."

"ಇಷ್ಟು ಬೇಗನಾ?"

"ಇದರಲ್ಲಿ ಮಾತೇ ಕಮ್ಮಿ. ಈ ಕತೆ ಹೆಸರನ್ನೇ ಹುಡುಗರು ನಂಗೆ ಇಟ್ಟಿದಾರೆ, ಅಷ್ಟೇ. ಯಾವನೋ ಮೇಷ್ಟ್ರು, ಕೆಲಸ ಮಾಡ್ತಾನೆ, ಮನೆಗೆ ಹೋಗ್ತಾನೆ. ನಗೋವಂಥದ್ದು ಏನೂ ಕಾಣ್ಲಿಲ್ಲಪ್ಪ ನಂಗೆ."

ಅವನು ಮಾತಿನ ಗುಳ್ಳೆಗಳೊಳಗಿನ ಅಕ್ಷರವನ್ನಷ್ಟೇ ಓದಿದ್ದ, ಪೇಪರ್ ಓದಿದ ಹಾಗೆ. ಚಿತ್ರಗಳನ್ನು ನೋಡಿಯೇ ಇರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಹೌದಪ್ಪಾ, ಅಂಥದ್ದೇನಿಲ್ಲ ಎಂದು ಪತ್ರಿಕೆ ಎತ್ತಿಟ್ಟಿದ್ದರೆ ಆ ದಿನ ಕಳೆದುಹೋಗುತ್ತಿತ್ತು. ಆದರೆ 'ನಗೋವಂಥದ್ದು ಏನೂ ಕಾಣ್ಲಿಲ್ಲ' ಎಂಬ ಮಾತು ಅವಳಿಗೆ ಚುಚ್ಚಿತು. ಟೋಕಿಯೊದವರು ನಕ್ಕಿದ್ದರು, ತೊಕುನಾಗಾ ನಕ್ಕಿದ್ದಳು. ಈ ಮನುಷ್ಯನೊಬ್ಬ ನಗಲಿಲ್ಲ. ಮಿನೋರಿ ಮೇಜು ಸುತ್ತಿ ಬಂದು ಅಪ್ಪನ ಪಕ್ಕದಲ್ಲೇ ಕೂತಳು.

"ಅಪ್ಪ, ನೀನು ಬರೀ ಮಾತು ಓದ್ತಿದ್ದೀಯ. ಚಿತ್ರನೂ ಓದ್ಬೇಕು. ಇಲ್ಲಿ ನೋಡು, ಈ ಚೌಕದಲ್ಲಿ ಮಾತೇ ಇಲ್ಲ. ಎಲ್ಲರೂ ಮದುಮಗಳನ್ನ ನೋಡ್ತಿದಾರೆ. ಇವನ ಕಾಲು ಮಾತ್ರ ನೋಡು."

ಇಸಾವೊ ಬಾಗಿ ನೋಡಿದ. ಕ್ಷಣ ಬಿಟ್ಟು ಅವನ ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ದನಿ ಹೊರಗೆ ಬಂತು. "ಒತ್ತಿಬಿಟ್ಟ," ಎಂದ. "ಮದುವೇಲೂ ಬ್ರೇಕ್ ಒತ್ತಿಬಿಟ್ಟನಲ್ಲ ಇವ್ನು."

ಅಪ್ಪ ಹಾಗೆ ನಕ್ಕಿದ್ದನ್ನು ಅವಳು ಯಾವಾಗ ನೋಡಿದ್ದಳೋ ನೆನಪಿರಲಿಲ್ಲ. ಅವಳ ಎದೆ ಉಬ್ಬಿತು. ಬೆರಳಿಟ್ಟು ಒಂದೊಂದೇ ಚೌಕ ತೋರಿಸುತ್ತ ಹೋದಳು: ಈ ಗೆರೆಗಳು ನಡುಕಕ್ಕೆ, ಈ ಹನಿ ಬೆವರು, ಈ ಖಾಲಿ ಜಾಗ ಅಂದರೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ ಅಂತ. ಇಸಾವೊ ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸುತ್ತ, ಹೇಳಿದಲ್ಲಿ ನೋಡಿದ.

"ಇಂಥವನನ್ನ ನಮ್ಮ ಸ್ಕೂಲಲ್ಲಾದ್ರೆ ಇಟ್ಕೊಳ್ತಿರ್ಲಿಲ್ಲ ಬಿಡು," ಎಂದು ಕಣ್ಣೊರೆಸಿಕೊಂಡ. "ಹೀಗೆ ಮುಖ ಗಂಟು ಹಾಕ್ಕೊಂಡು ಕೂತ್ರೆ ಕಲಿಯೋಕೆ ಬಂದೋರು ಹೆದರ್ಕೊಳಲ್ವಾ?"

ಕಾರಿಗೆ ತಲೆ ಬಾಗಿಸುವ ಚಿತ್ರ ಬಂತು. ಅವನ ನಗು ತುಸು ನಿಧಾನವಾಯಿತು. "ಹೀಗೆ ಮಾಡೋರು ಬೇರೆ ಕಡೇನೂ ಇದಾರೆ ಅನ್ನು."

ಆಗ ಮಿನೋರಿಗೆ ಎಚ್ಚರವಾಯಿತು. ಕೊನೆಯ ಎರಡು ಹಾಳೆಗಳನ್ನು ಒಟ್ಟಿಗೆ ತಿರುವಲು ಹೋದಳು. "ಇದೇನಿಲ್ಲಪ್ಪ, ಇಷ್ಟೇ," ಎಂದಳು. ಇಸಾವೊ ಹಾಳೆಯ ಮೂಲೆ ಹಿಡಿದುಕೊಂಡ. "ತಡಿ, ಈಗ ತಾನೇ ಓದೋಕೆ ಬರ್ತಿದೆ."

ಅವಳು ಕಲಿಸಿದ ಹಾಗೆಯೇ ಓದಿದ. ಮಾತನ್ನು ಬಿಟ್ಟು ಮೊದಲು ಚಿತ್ರ. ಕನ್ನಡಿ. ಅದರ ಕೆಳಗೆ ಹಿಡಿಕೆ ಮುರಿದ ಲೋಟ. ಮೂರು ಮಡಿಕೆ ಮಾಡಿ ಅಂಚು ಸಮ ಬರುವಂತೆ ಹಾಕಿದ ಟವೆಲ್. ಬಚ್ಚಲು ಹೇಗಿರಬೇಕೆಂದು ಹುಡುಕುವ ತಾಪತ್ರಯ ಯಾಕೆಂದು ಅವಳು ತಮ್ಮ ಮನೆಯದನ್ನೇ ಬರೆದಿದ್ದಳು. ಇಸಾವೊನ ಬೆರಳು ಚಿತ್ರದ ಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ಇಳಿದಿದ್ದ ಒಂದು ದಪ್ಪ ಕಪ್ಪು ಪಟ್ಟಿಯ ಮೇಲೆ ನಿಂತಿತು.

"ಇದೇನು?"

"ಅದು... ಬಾಗಿಲು."

"ಬಾಗಿಲ ಸಂದಿಯಿಂದ ನೋಡ್ತಿರೋ ಹಾಗೆ."

"ಹೂಂ."

ಇಸಾವೊ ಮೊದಲ ಪುಟಕ್ಕೆ ಹೋಗಿ ಬರೆದವರ ಹೆಸರು ನೋಡಿದ, ಮತ್ತೆ ಕೊನೆಗೆ ಬಂದ. ಕನ್ನಡಕ ಕಳಚಿ ಮಡಚಿದ.

"ಚೆನ್ನಾಗಿ ಬರ್ದಿದಾರೆ," ಎಂದ.

ಪರಸ್ಥಳದ ಯಾರೋ ದೊಡ್ಡವರ ಬಗ್ಗೆ ಹೇಳುವ ಹಾಗೆ, ಬಹುವಚನದಲ್ಲಿ. ಬೈದಿದ್ದರೆ ಮಿನೋರಿ ತಡೆದುಕೊಳ್ಳುತ್ತಿದ್ದಳು. ಅವನು ಎದ್ದು, ಪತ್ರಿಕೆಯನ್ನು ಚೀಲಕ್ಕೆ ಹಾಕಿ, ಬೂಟು ಹಾಕಿಕೊಂಡು ಅಂಗಳಕ್ಕೆ ಹೋದ. ಸಲಿಕೆ ಹಿಮವನ್ನು ಕೆರೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅಷ್ಟು ಹಿಮ ಅಂದು ಬಿದ್ದಿರಲಿಲ್ಲ.

ಮರುದಿನದಿಂದ ಇಸಾವೊ ಕನ್ನಡಿಯ ಮುಂದೆ ನಿಲ್ಲಲಿಲ್ಲ. ಬಾಗಿಲ ಬಳಿಯ ಮೆಟ್ಟಿಲ ಮೇಲೆ ಕೂತು, ಬೀದಿಯ ಕಡೆ ಮುಖ ಮಾಡಿ, ಕರೆಂಟಿನ ರೇಜರಿನಿಂದ ಅಂದಾಜಿನಲ್ಲೇ ಗಡ್ಡ ಕೆರೆದುಕೊಳ್ಳುತ್ತಿದ್ದ. ದವಡೆಯ ಕೆಳಗೆ ಒಂದಿಷ್ಟು ಕೂದಲು ಉಳಿದುಬಿಡುತ್ತಿತ್ತು. ಮಿನೋರಿಗೆ ಅದು ಊಟಕ್ಕೆ ಕೂತಾಗೆಲ್ಲ ಕಾಣುತ್ತಿತ್ತು. ಅವಳು ತಟ್ಟೆಯನ್ನೇ ನೋಡಿ ಉಣ್ಣತೊಡಗಿದಳು. ಒಂದು ದಿನ ಬೇಕರಿಯಿಂದ ಬಂದು ಕೈ ತೊಳೆಯಲು ಹೋದರೆ ಬಚ್ಚಲಿನ ಬಾಗಿಲು ಸದ್ದಿಲ್ಲದೆ ಸರಿಯಿತು, ಸಂದಿಯಿಲ್ಲದೆ ಮುಚ್ಚಿಕೊಂಡಿತು. ಕಸದ ಬುಟ್ಟಿಯಲ್ಲಿ ಮರದ ಹೊಟ್ಟು ಬಿದ್ದಿತ್ತು. ಮುಚ್ಚಿದ ಬಾಗಿಲ ಒಳಗೆ ನಿಂತು ಅವಳು ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಾರದೆ ನಲ್ಲಿ ಬಿಟ್ಟು ನೀರನ್ನೇ ನೋಡಿದಳು.

ಅಂಥ ದಿನಗಳಲ್ಲೇ ಟೋಕಿಯೊದಿಂದ ಫೋನು ಬಂತು. ಪತ್ರಿಕೆಯ ಸಂಪಾದಕಿ ಕಾಂಬಾರಾ.

"ನಿಶಿಯಾ ಮಿನೋರಿ ಅವರೇ, ಓದುಗರಿಂದ ಒಂದೇ ಸಮ ಪತ್ರ ಬರ್ತಿವೆ. ತಿಂಗಳು ತಿಂಗಳು ಬರೀತೀರಾ? ಆ ಕನ್ನಡಿ ಇದೆಯಲ್ಲ, ಅಂಥದ್ದು. ಆ ಮೇಷ್ಟ್ರು ಗುಟ್ಟಾಗಿ ಏನೇನು ಮಾಡ್ತಾರೋ ಎಲ್ಲಾ ಬೇಕು."

"ಬರೀತೀನಿ," ಎಂದುಬಿಟ್ಟಳು ಮಿನೋರಿ. ಯೋಚಿಸಲೂ ಇಲ್ಲ. ಫೋನು ಇಟ್ಟ ಮೇಲೆ, ಬಾಗಿಲಿಗೆ ಉಜ್ಜುಗೊರಡು ಹೊಡೆದ ಕೈ ನೆನಪಾಯಿತು. ಆದರೂ ಮತ್ತೆ ಫೋನು ಮಾಡಿ ಬೇಡ ಎನ್ನಲಿಲ್ಲ. ಸಂಜೆ ಅಪ್ಪ ಸಾರನ್ನು ಊದಿ ಊದಿ ಕುಡಿಯುವುದನ್ನು ಕಂಡಾಗ, ತುಟಿಯನ್ನು ಎಷ್ಟು ಚೂಪಾಗಿಸಿದರೆ ನಗು ಬಂದೀತು ಎಂದು ಅವಳ ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು. ಕಣ್ಣು ಕೆಳಗೆ ಹಾಕಿದಳು.

ಕೆಲವು ದಿನ ಕಳೆದು, ಇಸಾವೊ ಊಟದ ಡಬ್ಬಿ ಮರೆತು ಹೋದ. ತಲುಪಿಸಿ ಬಾ ಎಂದು ಹರುಯೊ ಮಗಳನ್ನು ಕಳಿಸಿದಳು. ಸ್ಕೂಲಿನ ಕಾಯುವ ಕೋಣೆಗೆ ದೊಡ್ಡ ಗಾಜಿನ ಗೋಡೆ, ಅದರಾಚೆ ಕಲಿಯುವವರ ಕಾರುಗಳು ಸುತ್ತುವ ಮೈದಾನ. ಪಾಠದ ನಡುವಿನ ಬಿಡುವು. ಬಿಸಿಲಿಗೆ ನಾಲ್ಕಾರು ಹುಡುಗ ಹುಡುಗಿಯರು ಇಸಾವೊನ ಸುತ್ತ ನಿಂತಿದ್ದರು. ಗಾಜಿನ ಬಾಗಿಲು ಅರೆ ತೆರೆದಿತ್ತು.

"ಬ್ರೇಕ್ ಮೇಷ್ಟ್ರೇ, ಇವನು ನೋಡಿಲ್ವಂತೆ. ಇನ್ನೊಂದ್ಸಲ ಮಾಡಿ ತೋರ್ಸಿ," ಎಂದಳೊಬ್ಬಳು. ಅವಳೇ ಶಿಹೊ ಇರಬೇಕು.

"ನಿನ್ನೆ ತಾನೇ ಮಾಡಿದ್ನಲ್ಲ."

"ಒಂದೇ ಒಂದ್ಸಲ ಮೇಷ್ಟ್ರೇ, ಪ್ಲೀಸ್."

ಇಸಾವೊ ಟೋಪಿ ಸರಿಮಾಡಿಕೊಂಡ. ಎರಡು ಬೆರಳಿನಿಂದ ತುಟಿಯ ಅಂಚುಗಳನ್ನು ಮೇಲೆತ್ತಿದ. "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ," ಎಂದ, ಬೆಚ್ಚಿಬಿದ್ದವನಂತೆ ಹಿಂದೆ ಜಿಗಿದು ಬಲಗಾಲನ್ನು ನೆಲಕ್ಕೆ ಅಪ್ಪಳಿಸಿದ. ಹುಡುಗರು ಹೋ ಎಂದು ನಕ್ಕರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ, ಎಲ್ಲರಿಗೂ ನಗು ಬಂತೇ ಎಂದು ವಿಚಾರಿಸುವವನಂತೆ.

ಬೆರಳೆತ್ತಿದ ಆ ರೀತಿ ಅಪ್ಪನದಲ್ಲ, ಆ ಜಿಗಿತವೂ ಅಪ್ಪನದಲ್ಲ. ಅವಳು ಬರೆದ ಚಿತ್ರದ್ದು. ಅವನು ಅದನ್ನು ನೋಡಿ ನೋಡಿ ಕಲಿತಿದ್ದ.

ಕೌಂಟರಿನ ಹಿಂದಿದ್ದ ಮ್ಯಾನೇಜರು ನಗುತ್ತ ಬಂದ. "ನಿಶಿಯಾ ಅವರ ಮಗಳಲ್ವಾ? ನಿಮ್ಮ ತಂದೆ ಎಷ್ಟು ಬದಲಾಗಿಬಿಟ್ರು ಅಂತೀರಿ. ಈಗ ಹುಡುಗರು ಅವರೇ ಬೇಕು ಅಂತ ಕೇಳ್ಕೊಂಡು ಬರ್ತಾರೆ. ಕರೀಲಾ?"

"ಬೇಡ, ಬೇಡ. ಇದನ್ನ ಕೊಟ್ಟುಬಿಡಿ." ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಅಪ್ಪ ಈ ಕಡೆ ತಿರುಗುವ ಮುಂಚೆ ಹೊರಟುಬಿಟ್ಟಳು. ಬಸ್ಸಿಗೆ ಕಾಯದೆ ಹಿಮದ ಕೆಸರಿನಲ್ಲಿ ನಡೆದೇ ಮನೆಗೆ ಬಂದಳು. ದಾರಿಯಲ್ಲಿ ಎದುರಾದ ಪರಿಚಯದವರು ಮಾತಾಡಿಸಿದರೂ ತಲೆ ಎತ್ತಲಿಲ್ಲ.

ಕಾಂಬಾರಾಗೆ ಫೋನು ಮಾಡಿ ಆಗುವುದಿಲ್ಲ ಎಂದಳು.

"ಯಾರಾದ್ರೂ ಬೇಜಾರು ಮಾಡ್ಕೊಂಡ್ರಾ?"

"ಇಲ್ಲ. ಬೇಜಾರು ಮಾಡ್ಕೊಳ್ಲಿಲ್ಲ. ಅದಕ್ಕೇ ಆಗಲ್ಲ."

"ನಿಮ್ಮಿಷ್ಟ. ಆದ್ರೆ ಹೊಸಬರಿಗೆ ಇಂಥ ಜಾಗ ಎರಡನೇ ಸಲ ಸಿಗೋದು ಕಷ್ಟ, ಅದು ಗೊತ್ತಿರ್ಲಿ."

"ಗೊತ್ತು ಮೇಡಂ."

ಫೋನು ಇಟ್ಟಾಗ ಮನಸ್ಸು ಹಗುರಾಗಲಿಲ್ಲ. ಅಳು ಬಂತು. ಆ ಅಳು ಅಪ್ಪನಿಗಾಗಿ ಅಲ್ಲ, ಕೈತಪ್ಪಿದ ಪುಟಗಳಿಗಾಗಿ ಎಂದು ಅವಳಿಗೇ ಗೊತ್ತಾಗಿ, ಮುಖವನ್ನು ದಿಂಬಿಗೆ ಒತ್ತಿಕೊಂಡಳು.

ಆ ವಾರದ ರಜೆಯಲ್ಲಿ ಇಸಾವೊ ಹೀಟರಿಗೆ ಸೀಮೆಎಣ್ಣೆ ತರಲು ಹೊರಟಾಗ ಅವಳೂ ಕಾರು ಹತ್ತಿದಳು. ಸಮುದ್ರದ ಪಕ್ಕದ ರಸ್ತೆ. ಅವನು ಓಡಿಸುತ್ತಿದ್ದ, ಅವಳು ಪಕ್ಕದಲ್ಲಿ. ಮುಖ ನೋಡದೆ ಮಾತಾಡಬಹುದಾದ ಜಾಗ ಅದೊಂದೇ.

"ಅಪ್ಪ, ಅದನ್ನ ಬರ್ದಿದ್ದು ನಾನು."

"ಗೊತ್ತು," ಎಂದ ಇಸಾವೊ. ಮುಂದಿನ ತಿರುವಿನಲ್ಲಿ ಕಾರು ತಿರುಗಿಸಿದ. "ನಾನು ಟವೆಲ್ ಮಡಚೋ ರೀತಿ ಇನ್ಯಾರಿಗೆ ಗೊತ್ತಿರತ್ತೆ."

"ತಪ್ಪಾಯ್ತಪ್ಪ. ಮೊದಲೇ ಹೇಳ್ಬೇಕಿತ್ತು. ಬರೀಲೇಬಾರ್ದಿತ್ತು."

ದೀಪ ಕೆಂಪಾಯಿತು. ಕಾರು ಅಲುಗದೆ, ಮೆತ್ತಗೆ ನಿಂತಿತು. "ಡಬ್ಬಿ ಕೊಡೋಕೆ ಬಂದಿದ್ದೆಯಂತೆ. ಮ್ಯಾನೇಜರು ಹೇಳ್ದ. ನೋಡ್ದೆಯಾ?"

"ಹೂಂ."

ಇಸಾವೊನ ಕತ್ತು ಕಾಲರಿನ ಮೇಲೆ ನಿಧಾನವಾಗಿ ಕೆಂಪೇರುವುದು ಅವಳ ಕಣ್ಣಂಚಿಗೆ ಕಂಡಿತು. "ಅದು ನಿನ್ನ ಕಣ್ಣಿಗೆ ಬೀಳಬಾರ್ದಿತ್ತು," ಎಂದ. "ಹುಡುಗರು ನಗ್ತಾರಲ್ಲ ಅಂತ ಒಂದ್ಸಲ ಮಾಡ್ದೆ. ಆಮೇಲೆ ಬಿಡೋಕಾಗ್ಲಿಲ್ಲ. ಈ ವಯಸ್ಸಲ್ಲಿ."

ತನ್ನ ನಾಚಿಕೆಯೊಂದೇ ಈ ಕಾರಿನಲ್ಲಿರುವುದು ಎಂದುಕೊಂಡಿದ್ದಳು ಮಿನೋರಿ. ಅದನ್ನು ಅವನ ಮೈಮೇಲೂ ತಾನೇ ಎಳೆದು ತಂದಿದ್ದೇನೆಂದು ಆಗ ತಿಳಿಯಿತು. ಸೀಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

"ಒಂದು ಕೇಳ್ತೀನಿ. ನಿನ್ನ ಕಣ್ಣಿಗೆ ನಾನು ಹಾಗೇನಾ ಕಾಣೋದು?"

"ಅಷ್ಟೇ ಅಲ್ಲಪ್ಪ."

"ಮಿಕ್ಕಿದ್ದು?"

"ಮಿಕ್ಕಿದ್ದನ್ನ ಬರೆಯೋಕೆ ನಂಗೆ ಬರಲ್ಲ."

ದೀಪ ಹಸಿರಾಯಿತು. ಇಸಾವೊ ಎಡಬಲ ನೋಡಿ ಕಾರು ಬಿಟ್ಟ. "ಬರದಿದ್ರೆ ಕಲಿ," ಎಂದ. ಕಲಿಯಲು ಬಂದ ಯಾರಿಗಾದರೂ ಹೇಳುವ ಹಾಗೆ, ಗಡುಸಾಗಿ. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮನೆಗೆ ಬಂದು ಎಣ್ಣೆ ತುಂಬಿಸಿದ ಮೇಲೆ, ಒಂದು ಗಳಿಗೆ ಕೂತಿರ್ತೀಯಾ ಎಂದು ಅವಳು ಕೇಳಿದಳು. ಇಸಾವೊ ಕಿಟಕಿಯ ಬಳಿ ಕೂತ. ಎಲ್ಲಿ ನೋಡಬೇಕೆಂದು ತಿಳಿಯದೆ ಎದುರು ಮನೆಯ ಛಾವಣಿಯನ್ನು ನೋಡಿದ. ಮಿನೋರಿ ಪೆನ್ಸಿಲ್ ಹಿಡಿದಳು. ಕೈ ಸೀದಾ ದಪ್ಪ ಹುಬ್ಬಿಗೆ ಹೋಯಿತು, ಅಲ್ಲಿಂದ ಚೌಕ ದವಡೆಗೆ. ಅಳಿಸಿದಳು. ಮತ್ತೆ ಬರೆದರೂ ಬಂದದ್ದು ಅವನೇ, ಆ ಬ್ರೇಕ್ ಮೇಷ್ಟ್ರೇ. ಹುಬ್ಬು ನಿಜವಾಗಿ ಅಷ್ಟು ದಪ್ಪವಿರಲಿಲ್ಲ, ಬೆಳ್ಳಗಾಗಿತ್ತು. ಅವಳ ಕೈಗೆ ಅದು ಗೊತ್ತೇ ಇರಲಿಲ್ಲ.

"ಆಯ್ತಾ?"

"ಇಲ್ಲ. ನೋಡಬೇಡ, ಇನ್ನೂ ನೀನು ಬಂದಿಲ್ಲ."

"ಕಾಲು ಜೋಮು ಹಿಡೀತಿದೆ ಕಣೆ."

"ಕಾಲು ಚಾಚ್ಕೋ. ಮುಖ ಮಾತ್ರ ಹಾಗೇ ಇರ್ಲಿ."

ಅಡುಗೆಮನೆಯಿಂದ ಹರುಯೊ ಇಣುಕಿ ನೋಡಿ, ಮತ್ತೆ ಒಲೆಯ ಕಡೆ ಹೋದಳು. ಮಿನೋರಿ ಹೊಸ ಹಾಳೆ ತೆಗೆದಳು. ಹುಬ್ಬು, ಬಾಯಿ, ದವಡೆ ಯಾವುದನ್ನೂ ಮುಟ್ಟಬಾರದೆಂದು ಎಷ್ಟೋ ಹೊತ್ತು ಸುಮ್ಮನೆ ನೋಡುತ್ತ ಕೂತಳು. ಕೊನೆಗೆ, ಇದುವರೆಗೆ ಒಮ್ಮೆಯೂ ಬರೆಯದೆ ಟೋಪಿಯೊಳಗೆ ಅಡಗಿಸಿಬಿಟ್ಟಿದ್ದ ಅವನ ಕಿವಿಯಿಂದ ಶುರುಮಾಡಿದಳು.